ತಿಂಗಳ ಕಂತು, ವರ್ಷದ ಬೆಳೆ

ಸಾಲವೆಂಬುದು ಒಕ್ಕಲು ಮಕ್ಕಳಿಗೆ ಹೊಸ ಮಾತಲ್ಲ. ಬಿತ್ತನೆಗೆಂದು, ಎತ್ತಿಗೆಂದು, ಮದುವೆಗೆಂದು ನಮ್ಮ ಹಿರಿಯರು ಸಾಲ ಮಾಡಿದರು, ಸುಗ್ಗಿಯಲ್ಲಿ ತೀರಿಸಿದರು. ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಗೆ ನಾವು ಹೋದಾಗ, ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಕಾರು ನಿಂತಿರುವುದನ್ನು ಕಾಣುತ್ತೇವೆ. ಅದು ಸಂತೋಷದ ಸಂಗತಿಯೇ. ಆದರೆ ಕಂತಿನ ಚಿಂತೆಯೂ ಅದೇ ಮನೆಯವರ ಮುಖದಲ್ಲಿ ಕಾಣುತ್ತದೆ.

ಈ ಸೀಮೆಯಲ್ಲಿ ಹಣ ಬರುವ ಕ್ರಮವೇ ಬೇರೆ. ತಂಬಾಕಿನ ರೈತನು ಮುಂಗಾರಿಗೆ ಸಸಿ ನೆಟ್ಟು, ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಿ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಗೆ ಒಯ್ಯುವ ವೇಳೆಗೆ ಸೆಪ್ಟೆಂಬರ್ ಇಲ್ಲವೆ ಅಕ್ಟೋಬರ್ ಬಂದಿರುತ್ತದೆ. ಕೃಷ್ಣರಾಜನಗರದ ಭತ್ತದ ರೈತನಿಗೆ ನಾಲೆಯ ನೀರೇ ಪಂಚಾಂಗ. ಆದಾಯ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಬಾರಿ. ಕಂತಾದರೋ ಹನ್ನೆರಡು ಬಾರಿ.

ಬೆಳೆಗೆ ಕಾಲವುಂಟೆಂಬುದನ್ನು ಅರ್ಥಶಾಸ್ತ್ರಜ್ಞರು ಅರಿಯದವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಉಳುಮೆಯ ಕಾಲದಲ್ಲಿ ರೈತನನ್ನು ಸಾಲಕ್ಕಾಗಿ ಹಿಡಿಯಕೂಡದೆಂದು ವಿಧಿಸುತ್ತದೆ. ಇಂದಿನ ರಿಸರ್ವ್ ಬ್ಯಾಂಕಿನ ನಿಯಮದಲ್ಲಿಯೂ ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿಯಾದ ಮೇಲೆಯೇ ಅನುತ್ಪಾದಕವೆನಿಸುತ್ತದೆ. ಕಾರಿನ ಸಾಲಕ್ಕೆ ಈ ದಾಕ್ಷಿಣ್ಯವಿಲ್ಲ. ಬಾಕಿ 90 ದಿನ ಮೀರಿದರೆ ಅದು ಕೆಟ್ಟ ಸಾಲ.

2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ಸಾವುಗಳಾಗಿ, ಸರ್ಕಾರವು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿತು. ರೈತರ ಪ್ರಾಣದ ಮುಂದೆ ಪ್ರವಾಸ ದೊಡ್ಡದಲ್ಲ. ಆ ನಿರ್ಧಾರವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಕೋಟೆಯ ಕಡೆಯ ಬಾಡಿಗೆ ಕಾರಿನವರಿಗೆ ಅಂದಿನಿಂದ ಪ್ರವಾಸಿಗರೇ ಇಲ್ಲವಾದರು. ಅಂಥ ಒಬ್ಬ ತರುಣನು ಮೂರು ಕಂತು ಬಾಕಿಯಾದಾಗ ನಮ್ಮಲ್ಲಿಗೆ ಬಂದು, “ಬುದ್ಧೀ, ಒಂದು ತಿಂಗಳ ಮಟ್ಟಿಗೆ ಗಾಡಿಯನ್ನು ಮಠದ ಹಿತ್ತಲಲ್ಲಿ ನಿಲ್ಲಿಸಿಕೊಳ್ಳಲು ಅಪ್ಪಣೆಯಾಗಬೇಕು. ಇಲ್ಲಿಗೆ ಯಾರೂ ಬಂದು ಕೇಳುವುದಿಲ್ಲ” ಎಂದು ಬೇಡಿಕೊಂಡನು.

ಆ ಗಾಡಿ ಅವನ ಕಾಯಕದ ಸಾಧನ. ಅದು ಹೋದರೆ ಸಾಲ ತೀರಿಸುವ ದಾರಿಯೂ ಹೋಗುತ್ತದೆ. ಆದರೂ ನಾವು ಒಪ್ಪಲಿಲ್ಲ. “ಜಾಮೀನು ಹಾಕಿದವರು ಯಾರಪ್ಪಾ?” ಎಂದು ಕೇಳಿದೆವು. “ಸೋದರಮಾವ” ಎಂದನು. ಗಾಡಿ ಕಾಣದಿದ್ದರೆ ನೋಟೀಸು ಹೋಗುವುದು ಆ ಮಾವನ ಮನೆಗೆ. ನಂಬಿ ಸಹಿ ಹಾಕಿದವನನ್ನು ಬಯಲಿಗೆ ನಿಲ್ಲಿಸಿ, ಕಬ್ಬಿಣದ ಗಾಡಿಗೆ ಮಠವು ಆಶ್ರಯ ಕೊಡುವುದು ಹೇಗೆ? ತರುಣನು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದನು.

ಅಂದೇ ಅವನ ಕೈಯಿಂದ ಒಂದು ಪತ್ರ ಬರೆಸಿದೆವು: ದುಡಿಮೆ ನಿಂತ ಕಾರಣ, ಈಗ ಕೊಡಬಲ್ಲ ಹಣ, ಕೇಳುವ ಕಾಲಾವಕಾಶ, ಇಷ್ಟೇ. ಅದನ್ನು ಸಾಲ ಕೊಟ್ಟವರಿಗೆ ಕೊಟ್ಟು ಸ್ವೀಕೃತಿ ಪಡೆಯೆಂದೆವು. ಅವರು ಒಂದು ಕಂತು ಕಟ್ಟಿಸಿಕೊಂಡು ಉಳಿದುದನ್ನು ಮುಂದಕ್ಕೆ ಹಂಚಿದರು. ಗಾಡಿ ಉಳಿಯಿತು, ಸಾಲದ ಅವಧಿ ಬೆಳೆಯಿತು, ಬಡ್ಡಿಯೂ ಬೆಳೆಯಿತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾವು ಹೇಳಲಾರೆವು.

ಸದ್ಭಕ್ತರು ಕೆಲವು ಸಂಗತಿಗಳನ್ನು ಅರಿತಿರುವುದು ಒಳ್ಳೆಯದು. ಕಂತು ತಪ್ಪಿದರೆ ವಾಹನವನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಸಾಮಾನ್ಯವಾಗಿ ಒಪ್ಪಂದಪತ್ರದಲ್ಲಿ ನಾವೇ ಸಹಿ ಮಾಡಿ ಕೊಟ್ಟಿರುತ್ತೇವೆ. ಆದರೆ ಆ ಅಧಿಕಾರವು ರಟ್ಟೆಬಲದ ಅಧಿಕಾರವಲ್ಲ. 2007ರಲ್ಲಿ ಪ್ರಕಾಶ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಗೂಂಡಾಗಳನ್ನು ಕಳುಹಿಸಿ ವಾಹನ ಎಳೆದೊಯ್ಯುವ ಪದ್ಧತಿಯನ್ನು ಖಂಡಿಸಿತು. ವಸೂಲಿಗಾರರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಅನಂತರ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ತಿಳಿಸಿತು. ತಪ್ಪಿದ ಕಂತಿಗೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಬಡ್ಡಿ ಎಣಿಸುವುದನ್ನೂ 2023ರ ಆದೇಶದಲ್ಲಿ ನಿಷೇಧಿಸಿತು. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಆಂಬುಡ್ಸ್‌ಮನ್‌ಗೆ ಬರೆಯಬಹುದು. ಗಾಡಿ ಹರಾಜಾಗಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದ ಬಾಕಿ ನಮ್ಮ ತಲೆಯ ಮೇಲೆಯೇ ಇರುತ್ತದೆ. ಗಾಡಿ ಬಿಟ್ಟುಕೊಟ್ಟರೆ ಋಣ ಹರಿಯಿತೆಂದು ತಿಳಿಯಬಾರದು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1976ರ ಋಣಪರಿಹಾರ ಕಾಯಿದೆಯು ಬಡವರನ್ನು ಲೇವಾದೇವಿಗಾರರ ಕೈಯಿಂದ ಬಿಡಿಸಿತು. ಅದನ್ನು ನೆನೆದು ಕಾರಿನ ಸಾಲವೂ ಒಂದು ದಿನ ಮನ್ನಾ ಆದೀತೆಂದು ಕಾಯುವವರುಂಟು. ಆ ಕಾಯಿದೆಯು ಬ್ಯಾಂಕಿನ ಸಾಲವನ್ನು ಮುಟ್ಟಿರಲಿಲ್ಲ. ಕಿರುಸಾಲಗಾರರ ಕಿರುಕುಳ ತಡೆಯಲು 2025ರಲ್ಲಿ ಬಂದ ರಾಜ್ಯದ ಕಾಯಿದೆಯೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ.

ಋಣ ತೀರಿಸುವುದು ಧರ್ಮ. ತೀರಿಸಲು ಸಮಯ ಕೇಳುವುದು ಅವಮಾನವಲ್ಲ; ಕೇಳುವುದನ್ನು ಮೊದಲ ಕಂತು ತಪ್ಪುವ ಮುನ್ನವೇ ಕೇಳಬೇಕು. ಟ್ರ್ಯಾಕ್ಟರ್ ಸಾಲಕ್ಕೆ ಅರ್ಧವರ್ಷಕ್ಕೊಮ್ಮೆ ಕಂತು ಇರುವುದುಂಟು. ಕಾರು ಕೊಳ್ಳುವ ರೈತನೂ ನನ್ನ ಬೆಳೆಯ ಕಾಲಕ್ಕೆ ಕಂತು ಹೊಂದಿಸಿ ಎಂದು ಸಹಿಗೆ ಮೊದಲೇ ಕೇಳಲಿ. ಒಪ್ಪಂದಪತ್ರವನ್ನು ತನಗೆ ತಿಳಿಯುವ ಕನ್ನಡದಲ್ಲಿಯೇ ಕೇಳಿ ಪಡೆಯಲಿ. ಮನೆಯಲ್ಲಿ ಓದಬಲ್ಲ ಮಗಳೋ ಸೊಸೆಯೋ ಇದ್ದರೆ ಗಟ್ಟಿಯಾಗಿ ಓದಿಸಲಿ; ಜಾಮೀನಿಗೆ ನಿಲ್ಲುವ ನೆಂಟನನ್ನೂ ಆಗ ಪಕ್ಕದಲ್ಲಿ ಕೂರಿಸಿಕೊಳ್ಳಲಿ.