ತುಮರಿ: ಸೇತುವೆಯ ಆಚೆಗಿನ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಸಿಗಂದೂರಿಗೆ ಹೊರಟವರಿಗೆ ಹೊಳೆಬಾಗಿಲಿನಲ್ಲಿ ರಸ್ತೆ ಮುಗಿದು ನೀರು ಎದುರಾಗುತ್ತಿತ್ತು. ಅದು ಶರಾವತಿಯ ಹಿನ್ನೀರು. ಬಸ್ಸು, ಕಾರು, ಬೈಕು, ಅಡಿಕೆ ಮೂಟೆ, ಪುಸ್ತಕದ ಚೀಲ ಹೊತ್ತ ಮಕ್ಕಳು ಎಲ್ಲವೂ ಎಲ್ಲರೂ ಲಾಂಚ್ ಏರಿ ಆಚೆ ದಡದ ಕಳಸವಳ್ಳಿಗೆ ದಾಟಬೇಕು. ಅಲ್ಲಿಂದ ಮುಂದೆ ತುಮರಿ. 2025ರ ಜುಲೈ 14ರಂದು ಇಲ್ಲಿ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ತಗುಲಿದ ವೆಚ್ಚ 400 ಕೋಟಿ ರೂಪಾಯಿಗೂ ಮಿಕ್ಕಿದ್ದು.

ಈ ನೀರು ಮೊದಲಿನಿಂದ ಇದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನದಿ ಹಿಂದಕ್ಕೆ ನಿಂತಾಗ ಗದ್ದೆ, ತೋಟ, ಮನೆಗಳ ಜೊತೆಗೆ ಹಳೆಯ ದಾರಿಗಳೂ ಮುಳುಗಿದವು. ಅನೇಕ ಕುಟುಂಬಗಳು ಊರು ಬಿಟ್ಟವು. ನಾಡಿಗೆ ಬೆಳಕು ಬಂತು. ಕರೂರು, ಬಾರಂಗಿ ಹೋಬಳಿಗಳಲ್ಲಿ ಉಳಿದವರಿಗೆ ಸಾಗರ ದೂರವಾಯಿತು. ಭೂಗೋಳದ ಪಾಠದ ಪ್ರಕಾರ ಇದು ದ್ವೀಪವಲ್ಲ. ನಿಟ್ಟೂರಿನ ಕಡೆಗೆ ನೆಲದ ದಾರಿ ಇದೆ. ಆದರೆ ಅದು ಬಳಸು ದಾರಿ. ಹಾಗಾಗಿ ಜನರ ಬಾಯಲ್ಲಿ ಇದು ದ್ವೀಪವೇ.

ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 40 ಕಿ.ಮೀ. ವೇಗದ ಬಸ್ಸು ಈ ಸೇತುವೆ ದಾಟಲು ಎಷ್ಟು ಹೊತ್ತು ಬೇಕು? ಸುಮಾರು 3 ನಿಮಿಷ 40 ಸೆಕೆಂಡು. ಲಾಂಚಿನ ಕಾಲದಲ್ಲಿ ಈ ಲೆಕ್ಕಕ್ಕೆ ಕಾಯುವ ಹೊತ್ತನ್ನೂ ಸೇರಿಸಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಉತ್ತರವೇ ಇರುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದುರಿಗೆ ಕಾಣುವ ದಡವೂ ದೂರವೇ. ದೂರವನ್ನು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಇನ್ನೊಂದು ಲೆಕ್ಕ ಜನಸಂಖ್ಯೆಯದು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರಿರುವ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಜನವಸತಿಗೆ ರಸ್ತೆ ಎಂಬ ಅಳತೆ ಇಟ್ಟುಕೊಂಡಿತು. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಮಲೆನಾಡಿನಲ್ಲಿ ಹಾಗಲ್ಲ, ತೋಟದ ಪಕ್ಕಕ್ಕೊಂದು ಮನೆ, ಗುಡ್ಡದಾಚೆ ಮತ್ತೊಂದು. ಒಂದು ಊರಿನಲ್ಲಿ 600 ಜನ ಇದ್ದಾರೆಂದು ಇಟ್ಟುಕೊಳ್ಳಿ. ಅವರು ದೂರ ದೂರದ ಆರು ಮಜರೆಗಳಲ್ಲಿ 100 ಜನರಂತೆ ಹಂಚಿಹೋಗಿದ್ದರೆ ಒಂದು ಮಜರೆಯೂ ಅಳತೆಗೆ ಸಿಕ್ಕುವುದಿಲ್ಲ. ಜನ ಅಷ್ಟೇ, ರಸ್ತೆ ಮಾತ್ರ ಇಲ್ಲ!

ರಸ್ತೆ ಇಲ್ಲದ ಕಡೆ ಬಸ್ಸು ಬರುವುದಿಲ್ಲ. ಬಸ್ಸಿಲ್ಲವೆಂದು ಹೈಸ್ಕೂಲು, ಕಾಲೇಜಿನ ಮಕ್ಕಳು ಪೇಟೆಯಲ್ಲಿ ರೂಮು ಮಾಡುತ್ತಾರೆ. ಓದು ಮುಗಿದ ಮೇಲೆ ಊರಿಗೆ ಮರಳುವವರು ಕಡಿಮೆ. ಊರಿನ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. ಜನ ಕಡಿಮೆಯಾದಂತೆ ಬಸ್ಸು ಕೇಳುವ ದನಿಯೂ ಕುಗ್ಗುತ್ತದೆ. ಇದು ಕೊನೆಯಿಲ್ಲದ ಚಕ್ರ.

ಸೇತುವೆ ಈ ಚಕ್ರವನ್ನು ಒಂದು ಕಡೆ ಕತ್ತರಿಸಿದೆ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋಗುವ ಭಕ್ತರಿಗೆ ಪ್ರಯಾಣ ಹಗುರವಾಗಿದೆ, ಸಂತೋಷ. ಆದರೆ ಹೆದ್ದಾರಿಯಿಂದ ಒಳಗಿನ ಮಜರೆಯ ಅಂಗಳದವರೆಗೆ ಉಳಿದಿರುವ ಮಣ್ಣಿನ ದಾರಿಯ ಲೆಕ್ಕ ಬೇರೆ. ಮಳೆಗಾಲದ ರಾತ್ರಿ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂಬುದೇ ಒಂದು ಊರಿನ ಸಾರಿಗೆಯ ನಿಜವಾದ ಪರೀಕ್ಷೆ.

2011ರ ನಂತರ ನಡೆಯಬೇಕಿದ್ದ 2021ರ ಜನಗಣತಿ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ನಿಮ್ಮೂರು ಒಂದು ಅಂಕಿ ಮಾತ್ರ. ವಿದ್ಯಾರ್ಥಿಗಳು ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ತಮ್ಮೂರಿನ ಮಜರೆಗಳನ್ನು ಸುತ್ತಲಿ. ಎಷ್ಟು ಮನೆ, ಬಸ್ಸಿಗೆ ಎಷ್ಟು ನಡಿಗೆ, ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಬರೆದಿಡಲಿ. ತಂದೆತಾಯಿಗಳು ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಅಹವಾಲಿಗಿಂತ ಅಂಕಿ ಗಟ್ಟಿಯಾಗಿ ಮಾತನಾಡುತ್ತದೆ.