ಎಡಕ್ಕೆ ನಡೆಯುವ ಕಥೆ, ಬಲಕ್ಕೆ ಸರಿಯುವ ಚಿತ್ರ

ಹೊಸಪೇಟೆಯ ಸ್ಟುಡಿಯೊ. ಮದುವೆ ವಿಡಿಯೊಗಳ ನಡುವೆ ಬಿಡುವು ಸಿಕ್ಕಾಗ ಕಂಪ್ಲಿಯ ಹುಡುಗನೊಬ್ಬ ಹಂಪಿಯ ಫೋಟೊಗಳಿಗೆ ಚಲನೆ ಕೊಡುತ್ತಾನೆ. ಪಕ್ಕದಲ್ಲಿ ಕೂತು ನೋಡುತ್ತೇನೆ. ಪರದೆಯ ಅಳತೆ 1920 x 1080. ಚಿತ್ರ ನಟ್ಟನಡುವೆ ಇದ್ದರೆ ಪೊಸಿಷನ್ 960, 540. ಅಲ್ಲೊಂದು ಕೀಫ್ರೇಮ್ ಹಾಕುತ್ತಾನೆ, ಈ ಹೊತ್ತಿಗೆ ಚಿತ್ರ ಇಲ್ಲಿರಲಿ ಎಂಬ ಗುರುತು. ಟೈಮ್‌ಲೈನಿನಲ್ಲಿ ನಾಲ್ಕು ಸೆಕೆಂಡು ಮುಂದೆ ಹೋಗಿ, ಅಂಕಿ ಬದಲಿಸಿ, ಇನ್ನೊಂದು. ಸೆಕೆಂಡಿಗೆ 25 ಫ್ರೇಮ್ ಎಂದರೆ ನೂರು ಹೆಜ್ಜೆಗಳ ದಾರಿ. ಅವನು ಹೇಳಿದ್ದು ಎರಡು ತುದಿ ಮಾತ್ರ. "ನಡುವಿಂದೆಲ್ಲ ಅದೇ ತುಂಬಿಕೊಂತೈತಿ ಸರ್."

ಹೇಗೆ ತುಂಬಿಕೊಳ್ಳುತ್ತದೆ?

*

ವಿರೂಪಾಕ್ಷ ಗುಡಿಯ ಗೋಪುರ ಬದಿಯಿಂದ ಬಂದು, ನಡುವೆ ಮೂರು ಸೆಕೆಂಡು ನಿಂತು, ಮೇಲಕ್ಕೆ ಹೋಗಬೇಕು. ನಿಲ್ಲುವುದಕ್ಕೆಂದು ಒಂದೇ ಅಂಕಿಯ ಎರಡು ಕೀಫ್ರೇಮ್ ಹಾಕಿದ್ದಾನೆ. ಗೋಪುರ ನಿಲ್ಲಲೊಲ್ಲದು. ತುಸು ಆಚೆ ಜಾರಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಎರಡೂ ಅಂಕಿ ಒಂದೇ ಆಗಿರುವಾಗ ಇದು ಹೋಗಿದ್ದಾದರೂ ಎಲ್ಲಿಗೆ?

ತಿಳಿದದ್ದು: ಇಂಥ ಕೆಲವು ಸಾಫ್ಟ್‌ವೇರ್‌ಗಳು ದಾರಿಯನ್ನು ತಾವಾಗಿಯೇ ಬಾಗಿಸುತ್ತವೆ. ಬಂದ ದಿಕ್ಕು, ಹೋಗುವ ದಿಕ್ಕು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಿರುವನ್ನು ನಯಗೊಳಿಸುತ್ತವೆ. ಆ ಬಾಗು ನಿಂತಿರಬೇಕಾದ ಹೊತ್ತಿನೊಳಕ್ಕೂ ಚಾಚಿಕೊಳ್ಳುತ್ತದೆ. ದಾರಿಯನ್ನು ಲೀನಿಯರ್, ಅಂದರೆ ಬಾಗಿಲ್ಲದ ನೇರ ಗೆರೆ, ಮಾಡಿದ ಮೇಲೆ ಗೋಪುರ ನಿಂತಿತು.

*

ಹಜಾರರಾಮ ದೇವಸ್ಥಾನ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಗೋಡೆಯ ಮೇಲೆ ರಾಮಾಯಣ ಮೂರು ಸಾಲುಗಳಲ್ಲಿ ಸಾಗುತ್ತದೆ. ಓದಬೇಕಾದವರು ಮೂರು ಸುತ್ತು ಪ್ರದಕ್ಷಿಣೆ ಬರಬೇಕು. ಒಂದು ಸಾಲಿನ ಫೋಟೊಗಳನ್ನು ಜೋಡಿಸಿ 5760 ಪಿಕ್ಸೆಲ್ ಉದ್ದದ ಒಂದೇ ಚಿತ್ರ ಮಾಡಿದ್ದಾನೆ, ಮೂರು ಪರದೆಗಳಷ್ಟು. ಅಭ್ಯಾಸದಂತೆ ಎಡತುದಿಯಿಂದ ಶುರುಮಾಡಿದ. ಕಥೆ ಹಿಂದುಹಿಂದಾಗಿ ಓಡಿತು!

ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವವರು ಗೋಡೆಗೆ ಮುಖಮಾಡಿ ನಿಂತರೆ ಮುಂದಿನ ಹೆಜ್ಜೆ ಎಡಕ್ಕೆ. ಕಥೆಯೂ ಬಲದಿಂದ ಎಡಕ್ಕೇ. ಕನ್ನಡ ಓದಿ ಪಳಗಿದ ಕಣ್ಣು ಇದಕ್ಕೆ ತಿರುಗುಮುರುಗು. ಇನ್ನೊಂದು ತೊಡಕೂ ಇದೆ: ನೋಟ ಎಡಕ್ಕೆ ಹೋಗಬೇಕಾದರೆ ಚಿತ್ರ ಬಲಕ್ಕೆ ಸರಿಯಬೇಕು. ಚಿತ್ರದ ನಡುಬಿಂದುವನ್ನು ಮೊದಲು ಪರದೆಯ ಆಚೆ, ಮೈನಸ್ 960ರಲ್ಲಿಟ್ಟು, ಕೊನೆಗೆ 2880ಕ್ಕೆ ತರಬೇಕು. ನಡೆಯುವವರು ನಾವು ಎಂದು ಕಟ್ಟಿದ ಗೋಡೆಯನ್ನು, ಕೂತ ನಮ್ಮೆದುರು ಎಳೆದು ತೋರಿಸುತ್ತಿದ್ದೇವೆ.

24 ಸೆಕೆಂಡಿನಲ್ಲಿ 3840 ಪಿಕ್ಸೆಲ್, ಅಂದರೆ ಫ್ರೇಮಿಗೆ 6.4. ಆ ಪೂರ್ಣವಲ್ಲದ ಅಂಕಿಯಿಂದಲೇ ಇರಬೇಕು, ಕಲ್ಲಿನ ಸಣ್ಣ ಗೆರೆಗಳು ಮಿಣಮಿಣ ಎನ್ನುತ್ತವೆ. ಚೂರು ಬ್ಲರ್ ಕೊಟ್ಟರೆ ಅಡಗುತ್ತದೆ, ಆದರೆ ಉಳಿಯ ಮೊನೆಯೂ ಮೊಂಡಾಗುತ್ತದೆ. ನನಗದು ಒಪ್ಪಿಗೆಯಿಲ್ಲ, ಮಿಣುಕಿದರೂ ಗೆರೆ ಇರಲಿ.

ಮೂಲೆ ಬಂದಾಗ ಏನು ಮಾಡುವುದು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಗೋಡೆ ತಿರುಗುತ್ತದೆ, ಚಪ್ಪಟೆ ಚಿತ್ರ ತಿರುಗದು.

*

ಹಂಪಿಯದಲ್ಲದ ಇನ್ನೊಂದು ಕೆಲಸ: ಸಂಡೂರಿನಿಂದ ಹೊಸಪೇಟೆಗೆ ಅದಿರಿನ ಲಾರಿ, ನಕ್ಷೆಯ ಮೇಲೆ. ಎರಡೇ ಕೀಫ್ರೇಮ್ ಇಟ್ಟರೆ ಲಾರಿ ಗುಡ್ಡವನ್ನೇ ಸೀಳಿಕೊಂಡು ನೆಟ್ಟಗೆ ಬರುತ್ತದೆ. ತಿರುವಿಗೊಂದರಂತೆ ಇಟ್ಟರೆ ರಸ್ತೆ ಹಿಡಿಯುತ್ತದೆ, ಆದರೆ ವೇಗ ಕೆಡುತ್ತದೆ: ತಿರುವುಗಳ ನಡುವಿನ ದೂರ ಒಂದೊಂದು ಥರ, ಸಮಯ ಮಾತ್ರ ಸಮನಾಗಿ ಹಂಚಿದ್ದು. ನಡುವಿನ ಕೀಫ್ರೇಮ್‌ಗಳನ್ನು ಸಮಯದ ಕಟ್ಟಿನಿಂದ ಬಿಡಿಸಿ, ದೂರಕ್ಕೆ ತಕ್ಕಂತೆ ತಾವೇ ಜರುಗಿಕೊಳ್ಳಲು ಬಿಡುವ ಸೌಲಭ್ಯ ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿದೆ.

*

ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಆ ಹಳೆಯ ಫೋಟೊ ಕರಗಿ ನಮ್ಮ ಹೊಸದು ಮೂಡುವಾಗ ಚಕ್ರ ಮಾತ್ರ ಕದಲಬಾರದು ಎಂಬ ಆಸೆ ನಮ್ಮದು. ಸ್ಕೇಲ್ ಬದಲಿಸಿದೊಡನೆ ಚಕ್ರ ಜಾಗ ಬಿಡುತ್ತಿತ್ತು, ಏಕೆಂದರೆ ಚಿತ್ರ ಹಿಗ್ಗುವುದು ಆಂಕರ್ ಪಾಯಿಂಟಿನ ಸುತ್ತ. ಅದನ್ನು ಚಕ್ರದ ಗುಂಬದ ಮೇಲೆ ತಂದಿಟ್ಟ ಮೇಲೆ ಚಕ್ರ ಕೂತಿತು. ಹಿಂದಿನ ಮಂಟಪದ ಕಂಬಗಳು ಈಗಲೂ ಕೂಡುತ್ತಿಲ್ಲ. ಕ್ಯಾಮೆರಾ ನಿಂತ ಜಾಗವೇ ಬೇರೆಯಾದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಹೊಂದುವುದಿಲ್ಲ. ಇದಕ್ಕೆ ಯಾವ ಅಂಕಿಯೂ ಮದ್ದಲ್ಲ. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೊ ತೆಗೆದದ್ದು ಯಾಕೆಂದು ಈಗ ಅರ್ಥವಾಗುತ್ತಿದೆ.

"ಹೋಗಿ ನಿಂತೇ ತೆಗೀಬೇಕು ಸರ್," ಎಂದ ಹುಡುಗ. ಮುಹೂರ್ತಗಳು ಮುಗಿಯಲಿ, ಟ್ರೈಪಾಡ್ ಹೊತ್ತು ಹೋಗುವವರಿದ್ದೇವೆ.