ಖಾಲಾಳ ಚೀಟಿಗಳು

ನಮ್ಮ ಖಾಲಾ ತನ್ನ ಕಾಯಿಲೆಗೆ ಇಟ್ಟುಕೊಂಡಿದ್ದ ಹೆಸರು ಒಂದೇ: ಗರ್ಮಿ. ನವಲಗುಂದದ ಓಣಿಯ ಹೆಂಗಸರು ಅದನ್ನು ಉರಿಮೂತ್ರ ಎನ್ನುತ್ತಾರೆ. ಖಾಲಾಳಿಗೆ ಆ ಮಾತನ್ನು ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಉರ್ದು, ಕನ್ನಡ ಎರಡನ್ನೂ ಕಲಿತು ಕಥೆ ಬರೆಯುವ ನನಗೂ ಅದಕ್ಕೊಂದು ಮರ್ಯಾದೆಯ ಪದ ಸಿಗಲಿಲ್ಲ.

ಖಾಲಾ ಜಮಖಾನೆ ನೇಯುವವಳು. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದನ್ನು ನೇಯುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳೇ. ನಿಂತ ಮಗ್ಗದ ಮುಂದೆ ಕುಳಿತು ಪಂಜಾದಿಂದ ನೂಲು ಬಡಿಯಲು ತೊಡಗಿದರೆ ಎದ್ದಷ್ಟೂ ಹೊತ್ತು ಕೂಲಿ ಕಡಿಮೆ. ಅದಕ್ಕೆ ಖಾಲಾ ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು. ಅಣ್ಣಿಗೇರಿಯಲ್ಲಿ ಹತ್ತಿ ಬಿಡಿಸುವ, ಕುಂದಗೋಳದಲ್ಲಿ ಮೆಣಸಿನಕಾಯಿ ಹರಿಯುವ ಹೆಂಗಸರ ಉಪಾಯವೂ ಅದೇ. ಬಯಲಾದ ಎರಿಹೊಲದಲ್ಲಿ ಮರೆಗೆ ಒಂದು ಗಿಡವೂ ಸಿಗುವುದಿಲ್ಲ.

ಮೊದಲು ಕೊತ್ತಂಬರಿ ಬೀಜ ನೆನೆಸಿದ ನೀರು, ಆಮೇಲೆ ಔಷಧ ಅಂಗಡಿಯ ನಾಲ್ಕು ಮಾತ್ರೆ. ಎರಡು ನುಂಗುವಷ್ಟರಲ್ಲಿ ಉರಿ ತಗ್ಗುತ್ತಿತ್ತು, ಉಳಿದೆರಡು ಮುಂದಿನ ಸಲಕ್ಕೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಉರಿ. ನಾನೇ ಎಷ್ಟೋ ಸಲ ಅಂಗಡಿಯವನಿಗೆ ಫೋನು ಮಾಡಿ ಮಾತ್ರೆಯ ಹೆಸರು ಹೇಳಿದ್ದೇನೆ. ಚೀಟಿ ಎಲ್ಲಿ ಎಂದು ಅವನು ಕೇಳಲಿಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಪ್ರಕಾರ ಸೆಫಿಕ್ಸಿಮ್‌ನಂಥ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೊಂಡವರ ವಿವರವನ್ನು ಪುಸ್ತಕದಲ್ಲಿ ಬರೆದಿಡಬೇಕು. ಖಾಲಾಳ ಹೆಸರು ಯಾವ ಪುಸ್ತಕದಲ್ಲೂ ಏರಲಿಲ್ಲ.

ಆಮೇಲೆ ಇಂಜೆಕ್ಷನ್ನು, ಹುಬ್ಬಳ್ಳಿಯ ಲ್ಯಾಬು, ಸ್ಕ್ಯಾನಿಂಗು, ರಿಯಾಯಿತಿ ದರದ ಪರೀಕ್ಷೆಗಳ ಕಟ್ಟು. ಮೂರು ವರ್ಷದ ಚೀಟಿಗಳನ್ನು ಆಕೆ ನೂಲಿನ ಚೀಲದಲ್ಲಿ ಜೋಡಿಸಿಟ್ಟಿದ್ದಳು. ನಿಜವಾಗಿ ಬೇಕಿದ್ದ ಕಲ್ಚರ್ ಪರೀಕ್ಷೆ ಮಾತ್ರ ಅದರಲ್ಲಿ ಇರಲಿಲ್ಲ. ಅದರ ಫಲಿತಾಂಶಕ್ಕೆ ಎರಡು ಮೂರು ದಿನ ಕಾಯಬೇಕು. ಅಷ್ಟು ಕಾಯುವ ತಾಳ್ಮೆ ಮಾರುವವರಿಗೂ ಇಲ್ಲ, ಕೊಳ್ಳುವ ನಮಗೂ ಇಲ್ಲ.

ಒಂದು ರಾತ್ರಿ ಖಾಲಾಳಿಗೆ ಚಳಿಜ್ವರ, ಬೆನ್ನಿನಲ್ಲಿ ತಡೆಯಲಾರದ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಆಗ ಕಲ್ಚರ್ ಮಾಡಿಸಿದರು. ಇ. ಕೋಲೈ ಎಂಬ ಸಾಮಾನ್ಯ ರೋಗಾಣು, ಅದರ ಮುಂದೆ ಔಷಧಗಳ ಸಾಲು. ಹೆಚ್ಚಿನವುಗಳ ಎದುರು 'ಆರ್' ಎಂದಿತ್ತು.

"ಆರ್ ಅಂದ್ರೆ ಏನು ಬೇಟಿ?" ಎಂದು ಕೇಳಿದಳು.

"ಈ ಔಷಧಗಳು ಆ ರೋಗಾಣುವಿಗೆ ಇನ್ನು ನಾಟುವುದಿಲ್ಲ ಖಾಲಾ" ಎಂದೆ.

"ನಾನು ಎಲ್ಲದಕ್ಕೂ ದುಡ್ಡು ಕೊಟ್ಟಿದ್ದೆನಲ್ಲ" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ.

ಜಗತ್ತಿನಲ್ಲಿ 2019ರಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಮೂತ್ರದ ಸೋಂಕು ತಗುಲಿತ್ತೆಂಬ ಅಂದಾಜಿದೆ. ಇಷ್ಟು ದೊಡ್ಡ ಗಿರಾಕಿ ಬಳಗವನ್ನು ಯಾವ ಮಾರುಕಟ್ಟೆ ಬಿಟ್ಟೀತು? ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್ ಸೇರಿದ ಇಂಜೆಕ್ಷನ್ನಿಗೆ 2024ರಲ್ಲಿ, ಜೆಪೊಟಿಡಾಸಿನ್ ಎಂಬ ಹೊಸ ಬಗೆಯ ಮಾತ್ರೆಗೆ 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಇವು ಬೇಕು, ಬೇಡವೆನ್ನಲಾರೆ. ಆದರೆ ಹಳೆಯ ಮಾತ್ರೆಗಳನ್ನು ಕೆಡಿಸಿದ ಹಾಗೆಯೇ ಇವನ್ನೂ ಕೆಡಿಸಲು ನಮಗೆ ಎಷ್ಟು ದಿನ ಬೇಕು?

ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯೊಬ್ಬಳು ಖಾಲಾಳ ಪಕ್ಕ ಕುಳಿತು, "ದಿನಕ್ಕ ಎಷ್ಟು ನೀರು ಕುಡೀತೀರಿ ಅಮ್ಮಾ? ಎಷ್ಟು ಸಲ ಎದ್ದು ಹೋಗ್ತೀರಿ?" ಎಂದು ಕೇಳಿದಳು. ಮೂರು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನೂ ಕೇಳಿರಲಿಲ್ಲ.

ಖಾಲಾ ಈಗ ಮತ್ತೆ ಮಗ್ಗಕ್ಕೆ ಕೂರುತ್ತಾಳೆ. ಪಕ್ಕದಲ್ಲಿ ನೀರಿನ ತಂಬಿಗೆ ಇರುತ್ತದೆ. ತಾಸೆರಡು ತಾಸಿಗೆ ಎದ್ದು ಹೋಗಿ ಬರುತ್ತಾಳೆ. ಹೋದ ತಿಂಗಳ ಜಮಖಾನೆ ಮುಗಿಯಲು ಎರಡು ದಿನ ಹೆಚ್ಚು ಹಿಡಿಯಿತಂತೆ. ಕೊಂಡವರು ಕೊಟ್ಟದ್ದು ಹಳೆಯ ದರವನ್ನೇ.